ನೋಡದೆ ಬಿಟ್ಟ ಅರ್ಧ ಸಿನಿಮಾ

ಈಗ ಹೇಳಿಕೊಂಡರೆ ನಷ್ಟವಿಲ್ಲ, ಎಲ್ಲ ಸುಸೂತ್ರವಾಗಿ ಮುಗಿದಿದೆ. ಹದಿನೈದು ದಿನದ ಹಿಂದೆ ಯಾರಾದರೂ ಈ ವಿಷಯ ಎತ್ತಿದ್ದರೆ ಇಸ್ತ್ರಿ ಪೆಟ್ಟಿಗೆ ಹಿಡಿದೇ ಅಟ್ಟಿಸಿಕೊಂಡು ಹೋಗುತ್ತಿದ್ದೆ.

ನಮ್ಮ ಚರ್ಚಿನ ಸಭೆಯ ಹಾಲ್‌ನಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಮಕ್ಕಳಿಗೆ ಸಾಹಸದ ಸಿನಿಮಾ ತೋರಿಸುತ್ತೇವೆ. ಪರದೆ ನನ್ನದು. ಪರದೆಯೆಂದರೆ ದೊಡ್ಡ ಸಂಗತಿಯೇನಲ್ಲ, ಎರಡು ಬಿಳಿ ಬೆಡ್‌ಶೀಟು ಜೋಡಿಸಿ ಹೊಲಿದು, ಗಂಜಿ ಹಾಕಿ, ಒಂದೇ ಒಂದು ಸುಕ್ಕಿಲ್ಲದ ಹಾಗೆ ಇಸ್ತ್ರಿ ಮಾಡಿದ್ದು. ಸುಕ್ಕು ಉಳಿದರೆ ನಾಯಕನ ಮೂಗು ಸೊಟ್ಟಗಾಗುತ್ತದೆ. ನಾನು ಲಾಂಡ್ರಿ ನಡೆಸುವವಳು, ಆ ಸೊಟ್ಟ ಮೂಗಿನ ಅಪವಾದ ನನ್ನ ಅಂಗಡಿಗೇ ಬರುತ್ತದೆ. ಆರು ವರ್ಷದ ಹಿಂದೆ ಕಮಿಟಿಯ ಹಿರಿಯರು, ಹೇಗೂ ಪರದೆ ನಿಮ್ಮದೇ, ಸಿನಿಮಾ ಮೊದಲು ನೋಡಿ ಆರಿಸುವ ಕೆಲಸವೂ ನಿಮ್ಮದೇ ಇರಲಿ ಎಂದು ಅದನ್ನೂ ನನ್ನ ತಲೆಗೆ ಕಟ್ಟಿದರು. ಬೇಡವೆನ್ನಲು ಬಾಯಿ ಬರಲಿಲ್ಲ. ಬೇರೆ ಎಲ್ಲದಕ್ಕೂ ಬರುತ್ತದೆ.

ಕೆಲಸ ಎರಡು. ಮೊದಲನೆಯದು, ಸಿನಿಮಾದಲ್ಲಿ ರಕ್ತಪಾತ, ಕೆಟ್ಟ ಮಾತು, ಮಕ್ಕಳ ಜೊತೆ ಕೂತು ನೋಡಲು ಮುಜುಗರವಾಗುವಂಥದ್ದು ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ಉದ್ದನೆಯ ಪುಸ್ತಕದಲ್ಲಿ ‘ಪೂರ್ತಿ ನೋಡಿದ್ದೇನೆ, ಮಕ್ಕಳಿಗೆ ತಕ್ಕದ್ದು’ ಎಂದು ಬರೆದು ರುಜು ಹಾಕುವುದು. ಎರಡನೆಯದು, ಸಿನಿಮಾವನ್ನು ಎಲ್ಲಿ ನಿಲ್ಲಿಸಬೇಕೆಂದು ಹುಡುಕುವುದು. ನಮ್ಮ ಪದ್ಧತಿಯೇ ಹಾಗೆ. ಹುಡುಗ ಪ್ರಪಾತದ ಅಂಚಿನಲ್ಲಿ ನೇತಾಡುತ್ತಿರಬೇಕು, ಇಲ್ಲವೇ ದೋಣಿ ಮುಳುಗುತ್ತಿರಬೇಕು, ಆಗ ಟಕ್ಕೆಂದು ಚಿತ್ರ ನಿಲ್ಲಿಸಿ ಲೈಟು ಹಾಕುತ್ತೇವೆ. ಪಾಸ್ಟರು ಮುಂದೆ ಬಂದು, ನಮ್ಮ ಬದುಕಿನಲ್ಲೂ ಇಂಥ ಹೊತ್ತು ಬಂದರೆ ಕೈ ಹಿಡಿಯುವವರು ಯಾರು ಎಂದು ಶುರು ಮಾಡಿ ಹತ್ತು ನಿಮಿಷ ಯೇಸುಸ್ವಾಮಿಯ ವಿಷಯ ಹೇಳುತ್ತಾರೆ. ಬೀದಿಯ ಎಲ್ಲ ಮನೆಗಳ ಮಕ್ಕಳೂ ಬಂದಿರುತ್ತವೆ, ಒಂದೂ ಎದ್ದು ಹೋಗುವುದಿಲ್ಲ. ಹೇಗೆ ಹೋದಾವು, ಹುಡುಗ ಇನ್ನೂ ನೇತಾಡುತ್ತಿದ್ದಾನಲ್ಲ. ಮಕ್ಕಳು ಆ ಹತ್ತು ನಿಮಿಷಕ್ಕೆ ‘ಮಾತ್ರೆ’ ಎಂದು ಹೆಸರಿಟ್ಟಿವೆ. ನನಗೆ ಅದು ಗೊತ್ತು, ಪಾಸ್ಟರಿಗೆ ಗೊತ್ತಿಲ್ಲ.

ಪಾಸ್ಟರಿಗೆ ಗೊತ್ತಿಲ್ಲದ ಇನ್ನೊಂದೂ ಇತ್ತು. ನಾನು ಸಿನಿಮಾ ನೋಡುತ್ತಿದ್ದದ್ದು ಅಂಗಡಿಯಲ್ಲಿ, ಇಸ್ತ್ರಿ ಮೇಜಿನ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು. ಮೂವತ್ತು ಅಂಗಿ ಮುಗಿಯುವ ಹೊತ್ತಿಗೆ ನಿಲ್ಲಿಸುವ ಜಾಗ ಸಿಕ್ಕುತ್ತಿತ್ತು. ಆಮೇಲೆ ಗಿರಾಕಿಗಳು ಬರುತ್ತಿದ್ದರು. ಮಿಕ್ಕ ಅರ್ಧವನ್ನು ಶನಿವಾರ ಮಕ್ಕಳ ಜೊತೆಗೇ ನೋಡಿದರಾಯಿತು ಎಂದು ರುಜು ಹಾಕಿಬಿಡುತ್ತಿದ್ದೆ. ತೋರಿಸುವಾಗ ಏನಾದರೂ ಎಡವಟ್ಟು ದೃಶ್ಯ ಬಂದರೆ ಎದ್ದು ಪ್ರೊಜೆಕ್ಟರಿನ ಮುಂದೆ ನಿಂತುಬಿಡುವುದು. ಎರಡು ಸಲ ನಿಂತಿದ್ದೇನೆ. ನನ್ನ ಗಾತ್ರ ದೇವರ ಸೇವೆಗೆ ಒದಗಿದ್ದು ಆ ಎರಡು ಸಲವೇ.

ಇನ್ನು ನಮ್ಮ ಯಜಮಾನರು. ಮೂವತ್ತು ವರ್ಷದಿಂದ ಬಸ್ ಡ್ರೈವರು. ಭಾನುವಾರ ನನ್ನನ್ನು ಚರ್ಚಿನ ಗೇಟಿನವರೆಗೆ ಬಿಡುತ್ತಾರೆ, ಒಂದು ನಿಮಿಷವೂ ತಡ ಮಾಡದೆ, ಆಮೇಲೆ ಗಾಡಿ ತಿರುಗಿಸಿಕೊಂಡು ಹೊರಟುಹೋಗುತ್ತಾರೆ. ಒಳಗೆ ಕಾಲಿಟ್ಟವರಲ್ಲ. ಇಪ್ಪತ್ತಾರು ವರ್ಷದ ಹಿಂದೆ, ಮದುವೆಯಾದ ಹೊಸದರಲ್ಲಿ ಪ್ರಶ್ನೆ ಕೇಳುತ್ತಿದ್ದರು. ಒಳ್ಳೆಯವರಿಗೇ ಯಾಕೆ ಕಷ್ಟ, ಸತ್ತ ಮೇಲೆ ಏನು, ನಿನಗೆ ಹೇಗೆ ಗೊತ್ತು. ನನ್ನ ಹತ್ತಿರ ಪ್ರತಿಯೊಂದಕ್ಕೂ ಉತ್ತರವಿತ್ತು, ಉತ್ತರಕ್ಕೊಂದು ಬೈಬಲಿನ ವಾಕ್ಯವಿತ್ತು, ವಾಕ್ಯಕ್ಕೆ ಅಧ್ಯಾಯದ ನಂಬರೂ ಇತ್ತು. ಕ್ರಮೇಣ ಅವರು ಕೇಳುವುದನ್ನೇ ಬಿಟ್ಟರು. ನಾನು ಗೆದ್ದೆನೆಂದುಕೊಂಡೆ. ಬಾಯಿಬಡುಕಿಗೆ ಇದಕ್ಕಿಂತ ಬೇರೆ ಬುದ್ಧಿ ಎಲ್ಲಿಂದ ಬರಬೇಕು.

ಎರಡು ತಿಂಗಳ ಹಿಂದೆ ಡಿಪೋದಲ್ಲಿ ಅವರಿಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿ, ಮೂರು ರಕ್ತನಾಳ ಕಟ್ಟಿಕೊಂಡಿವೆ, ಎದೆ ತೆರೆದೇ ಆಪರೇಷನ್ ಆಗಬೇಕು ಎಂದರು. ಮೊದಲ ಸಲ ಕೊಟ್ಟ ದಿನಕ್ಕೆ ಇವರಿಗೆ ನೆಗಡಿಯಂತೆ. ಎರಡನೇ ಸಲ ಕೊಟ್ಟ ದಿನ ಜೊತೆಯ ಡ್ರೈವರನ ಮನೆ ಬದಲಾಯಿಸುವುದಿತ್ತಂತೆ, ಇವರಿಲ್ಲದಿದ್ದರೆ ಅವನ ಬೀರು ನಡೆದು ಹೋಗುತ್ತಿರಲಿಲ್ಲವಂತೆ. ಡಾಕ್ಟರಮ್ಮ ತಾಳ್ಮೆಯ ಹೆಂಗಸು. ಮೂರನೇ ಸಲ ದಿನ ಕೊಡುತ್ತಾ, ನಾಲ್ಕನೆಯದನ್ನು ನಾನು ಕೊಟ್ಟರೂ ನಿಮ್ಮ ಹೃದಯ ಕೊಡುವುದಿಲ್ಲ ಎಂದರು. ಮಂಗಳವಾರ ಆಪರೇಷನ್. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಒಪ್ಪಿಗೆಯ ಫಾರಮ್ಮಿಗೆ ರುಜು ಹಾಕಿಕೊಂಡು ಬಂದು ಸೇರಿಕೊಳ್ಳಬೇಕು.

ಆ ಫಾರಂ ಹನ್ನೊಂದು ದಿನ ನನ್ನ ಅಂಗಡಿಯ ಕೌಂಟರಿನ ಮೇಲೆ ಗುಂಡಿಗಳ ಡಬ್ಬದ ಕೆಳಗೆ ಬಿದ್ದಿತ್ತು. ನಾನು ಆ ಮಾತು ತೆಗೆದರೆ ಸಾಕು, ಇವರು ಬೂಟು ಪಾಲಿಶ್ ಮಾಡಲು ಕೂರುತ್ತಿದ್ದರು. ಎರಡು ತಿಂಗಳಿಂದ ತೊಡದ ಬೂಟು ಕನ್ನಡಿಯಾಗಿತ್ತು. ಮಗಳು ಬಂದು ಅತ್ತಳು, ಅಳಿಯ ಬುದ್ಧಿ ಹೇಳಿದ. ಯಾವುದೂ ನಾಟಲಿಲ್ಲ. ನಾನು ಗದರಿದೆ, ಬೇಡಿಕೊಂಡೆ, ವಾಕ್ಯಗಳನ್ನು ಹೇಳಿದೆ. ಒಂದು ದಿನ, ನಿನ್ನ ಬಾಯಿಗೆ ಒಂದು ದಿನವಾದರೂ ರಜೆ ಕೊಡು ಎಂದುಬಿಟ್ಟರು. ಗಂಡ ಕಣ್ಣೆದುರೇ ಕೈಬಿಟ್ಟು ಹೋಗುತ್ತಿದ್ದಾನೆ, ನಾನು ಗಿರಾಕಿಗಳ ಅಂಗಿಗೆ ಚೀಟಿ ಕಟ್ಟುತ್ತಾ ಕೂತಿದ್ದೇನೆ ಅನ್ನಿಸುತ್ತಿತ್ತು.

ಆಪರೇಷನ್ನಿಗೆ ಮೂರು ದಿನ ಮೊದಲು, ಆ ಶನಿವಾರ, ಅವರನ್ನು ಒಬ್ಬರನ್ನೇ ಮನೆಯಲ್ಲಿ ಬಿಡಲು ಧೈರ್ಯ ಬರದೆ ಹಾಲ್‌ಗೆ ಕರೆದುಕೊಂಡು ಹೋದೆ. ಸಾಹಸದ ಸಿನಿಮಾ, ನಿಮಗೂ ಹಿಡಿಸುತ್ತದೆ, ಪ್ರಾರ್ಥನೆಯಲ್ಲ ಎಂದು ಹೇಳಿ ಹಿಂದಿನ ಸಾಲಿನಲ್ಲಿ ಫ್ಯಾನಿನ ಕೆಳಗೆ ಕೂರಿಸಿದೆ. ಕಥೆ ಇಷ್ಟು: ತಪ್ಪಿಸಿಕೊಂಡ ಮೇಕೆಮರಿ ಹುಡುಕುತ್ತಾ ಮೂರು ಮಕ್ಕಳು ಗುಹೆಯೊಳಗೆ ಇಳಿಯುತ್ತವೆ. ಹೊರಗೆ ಮಳೆ ಸುರಿದು ಗುಹೆಗೆ ನೀರು ನುಗ್ಗುತ್ತದೆ. ಆ ಗುಹೆ ಬಲ್ಲ ಒಬ್ಬ ಮುದುಕ ಕೆಳಗಿಳಿದು ಮಕ್ಕಳನ್ನು ಒಂದೊಂದಾಗಿ ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸುತ್ತಾನೆ. ಕೊನೆಗೆ ತನ್ನ ಸರದಿ ಬಂದಾಗ ಹಗ್ಗ ತುಂಡಾಗುತ್ತದೆ. ಎದೆಮಟ್ಟದ ನೀರು, ಕೈಯಲ್ಲಿನ ದೀಪ ಆರಿಹೋಗುತ್ತದೆ. ಅಲ್ಲಿಗೆ ನಿಲ್ಲಿಸಿದೆವು.

ಪಾಸ್ಟರು ಬಂದು ಮಾತ್ರೆ ಕೊಟ್ಟರು. ಮನುಷ್ಯರ ಹಗ್ಗ ತುಂಡಾಗಬಹುದು ಎಂದೆಲ್ಲ ಚೆನ್ನಾಗಿಯೇ ಹೇಳಿದರು. ನಾನು ಹಿಂದೆ ತಿರುಗಿ ನೋಡಿದೆ. ಇವರು ಒಂದು ಕೈಯನ್ನು ಎದೆಯ ಮೇಲೆ ಇಟ್ಟುಕೊಂಡು ಖಾಲಿ ಪರದೆಯನ್ನೇ ನೋಡುತ್ತಿದ್ದರು.

ಹತ್ತು ನಿಮಿಷವಾದ ಮೇಲೆ ಸಿನಿಮಾ ಮುಂದೆ ಹೋಗಲಿಲ್ಲ. ಡಿಸ್ಕಿನ ಮೇಲೆ ಉದ್ದಕ್ಕೊಂದು ಗೀರು. ಒರೆಸಿದೆ, ಊದಿದೆ, ತೆಗೆದು ಹಾಕಿದೆ, ಮುದುಕ ಮಾತ್ರ ಕತ್ತಲೆಯಿಂದ ಅಲ್ಲಾಡಲಿಲ್ಲ. ಎಂಬತ್ತು ಮಕ್ಕಳು ಹಾಲ್‌ನ ಹೆಂಚು ಹಾರಿಹೋಗುವ ಹಾಗೆ ಕೂಗಿದವು. ಕೊನೆಗೆ ಮುಂದಿನ ವಾರ ಖಂಡಿತ ತೋರಿಸುತ್ತೇವೆಂದು ಮಾತು ಕೊಟ್ಟು ಮನೆಗೆ ಕಳಿಸಿದೆವು. ಮೊದಲೇ ಪೂರ್ತಿ ನೋಡಿದ್ದರೆ ಆ ಗೀರು ಅಂಗಡಿಯಲ್ಲೇ ಕಾಣುತ್ತಿತ್ತು. ಪಾಸ್ಟರು ಯಾರನ್ನೂ ಏನೂ ಅನ್ನಲಿಲ್ಲ, ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಹಾಗೆ ನಾನೇ ಮುಖ ತಪ್ಪಿಸಿಕೊಂಡು ಬಂದೆ.

ಸಂಜೆ ಆರರ ಹೊತ್ತಿಗೆ ಅಂಗಡಿಯಲ್ಲಿದ್ದೆವು. ನಾನು ಅಂಗಿಯ ಕಾಲರು ತಿದ್ದುತ್ತಿದ್ದೆ, ಇವರು ಸ್ಟೂಲಿನ ಮೇಲೆ ಕೂತು ರಸ್ತೆ ನೋಡುತ್ತಿದ್ದರು. ಇದ್ದಕ್ಕಿದ್ದಂತೆ, “ಆ ಮುದುಕ ಹೊರಗೆ ಬಂದ್ನೇನೇ?” ಎಂದರು.

ಕೇಳಿದ ರೀತಿಯಲ್ಲೇ ನನಗೆ ತಿಳಿಯಿತು, ಇದು ಸಿನಿಮಾದ ಮುದುಕನ ವಿಚಾರವಲ್ಲ. ನನ್ನ ಬಾಯಿಗೆ ಅಭ್ಯಾಸಬಲ. ಬರದೆ ಏನು, ಬಂದೇ ಬರುತ್ತಾನೆ, ಅಂಥ ಸಿನಿಮಾ ನಾವು ತೋರಿಸುತ್ತೇವಾ ಎಂದುಬಿಟ್ಟೆ.

“ನೀನು ನೋಡಿದ್ಯಾ?”

ಹೂಂ ಎಂದರೆ ಮುಗಿಯುತ್ತಿತ್ತು. ಪುಸ್ತಕದಲ್ಲಿ ರುಜು ಬೇರೆ ಇತ್ತು. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಬಹಳ ವರ್ಷದ ಮೇಲೆ ನನ್ನನ್ನು ಒಂದು ಪ್ರಶ್ನೆ ಕೇಳಿದ್ದರು. ಆ ಮುಖ ನೋಡಿಕೊಂಡು ಸುಳ್ಳು ಹೇಳುವುದು ನುಂಗಲಾರದ ತುತ್ತಾಯಿತು. ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿದೆ.

“ಇಲ್ಲ ರೀ, ನೋಡಿಲ್ಲ,” ಎಂದೆ. “ಇದೊಂದೇ ಅಲ್ಲ, ಆರು ವರ್ಷದಿಂದ ಯಾವುದನ್ನೂ ಪೂರ್ತಿ ನೋಡಿ ರುಜು ಹಾಕಿದವಳಲ್ಲ. ಅವನು ಬಂದ್ನೋ ಇಲ್ವೋ, ನನಗೆ ಗೊತ್ತಿಲ್ಲ.”

ಇನ್ನು ಬೈಗುಳ ಶುರುವಾಗುತ್ತದೆ, ನೋಡದೆ ಇದ್ದದ್ದನ್ನು ನೋಡಿದೆವೆಂದು ಸಾರುವುದೇ ನಿಮ್ಮ ಕಸುಬು ಎನ್ನುತ್ತಾರೆ, ಇಪ್ಪತ್ತಾರು ವರ್ಷ ನಾನು ಆಡಿದ್ದೆಲ್ಲ ಈ ಒಂದು ಮಾತಿನಿಂದ ನೀರಿನಲ್ಲಿ ಹೋಮವಾಯಿತು ಎಂದುಕೊಂಡು ತಲೆ ಬಗ್ಗಿಸಿ ನಿಂತೆ.

“ನಿನ್ನ ಬಾಯಲ್ಲಿ ಗೊತ್ತಿಲ್ಲ ಅನ್ನೋ ಮಾತು ಇವತ್ತೇ ಕೇಳ್ತಿರೋದು ಕಣೇ,” ಎಂದರು. ಗೇಲಿಯಿರಲಿಲ್ಲ. ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ತಾವಾಗಿಯೇ ಮಾತಾಡಿದರು. ದಿನಕ್ಕೆ ಅರವತ್ತು ಜನರನ್ನು ಬೆಟ್ಟದ ತಿರುವುಗಳಲ್ಲಿ ದಾಟಿಸಿದ್ದೇನೆ, ಯಾವತ್ತೂ ಕೈ ನಡುಗಲಿಲ್ಲ, ಯಾಕೆಂದರೆ ಸ್ಟೀರಿಂಗ್ ನನ್ನ ಕೈಯಲ್ಲಿತ್ತು. ಇಲ್ಲಿ ನನ್ನನ್ನು ಮಲಗಿಸಿ, ದೀಪ ಆರಿಸಿದ ಹಾಗೆ ಆರಿಸುತ್ತಾರೆ. ಆ ಕತ್ತಲೆಯೊಳಗೆ ಒಬ್ಬನೇ ಹೋಗಬೇಕಲ್ಲ, ಅದಕ್ಕೆ ಭಯವಾಗುತ್ತದೆ ಎಂದರು.

ನಾಲಗೆಯ ತುದಿಗೆ ಮೂರು ವಾಕ್ಯ ಬಂದು ನಿಂತಿದ್ದವು. ಮೂರನ್ನೂ ನುಂಗಿಕೊಂಡೆ. ನನಗೂ ಭಯವಾಗುತ್ತಿದೆ ರೀ ಎಂದೆ. ಅಷ್ಟು ಹೇಳಿದ್ದೇ ತಡ, ನನ್ನ ಎದೆಯ ಮೇಲಿಂದ ಒಂದು ಮೂಟೆ ಇಳಿದಂತಾಯಿತು. ಇಬ್ಬರೂ ಆ ದಿನ ಊಟಕ್ಕೆ ಜೊತೆಯಲ್ಲೇ ಕೂತೆವು. ಎಷ್ಟೋ ದಿನದ ಮೇಲೆ ಅವರು ಎರಡನೇ ಸಲ ಬಡಿಸಿಕೊಂಡರು.

ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರ ಹತ್ತಿರ ಹೋಗಿ, ಇವರು ಮುದುಕನ ಬಗ್ಗೆ ಕೇಳಿದ್ದನ್ನೂ ಹೇಳಿ, ತಪ್ಪೊಪ್ಪಿಕೊಂಡೆ. ನನ್ನ ಮಗನ ವಯಸ್ಸಿನವರು, ನನ್ನನ್ನು ಅಮ್ಮ ಎನ್ನುತ್ತಾರೆ. ಕೇಳಿ ಕೋಪಿಸಿಕೊಳ್ಳುತ್ತಾರೆಂದರೆ ಅವರೇ ಕಿವಿ ಕೆಂಪಗೆ ಮಾಡಿಕೊಂಡು ನಿಂತರು. ಅವರೂ ನೋಡಿರಲಿಲ್ಲ. ನಾನು ಚೀಟಿಯಲ್ಲಿ ಬರೆದು ಕೊಡುವ ನಾಲ್ಕು ಸಾಲಿನ ಮೇಲೇ ಎರಡು ವರ್ಷದಿಂದ ಪ್ರಸಂಗ ಮಾಡುತ್ತಿದ್ದರಂತೆ. ಕಮಿಟಿಯವರು ನನ್ನ ರುಜು ನಂಬಿದ್ದರು, ಪಾಸ್ಟರು ನನ್ನ ಚೀಟಿ ನಂಬಿದ್ದರು, ನಾನು ನನ್ನ ಗಾತ್ರ ನಂಬಿದ್ದೆ. ಇಡೀ ಸಭೆಯಲ್ಲಿ ಒಂದು ಸಿನಿಮಾವನ್ನಾದರೂ ಮೊದಲೇ ಪೂರ್ತಿ ನೋಡಿದ ನರಪಿಳ್ಳೆ ಇರಲಿಲ್ಲ.

ನಮಗೆ ಡಿಸ್ಕುಗಳನ್ನು ಎರವಲು ಕೊಡುವ ಗ್ರಂಥಾಲಯ ಪಕ್ಕದ ಊರಿನಲ್ಲಿದೆ. ಪಾಸ್ಟರು ಅಲ್ಲಿಯ ಹಿರಿಯ ಹೆಂಗಸಿಗೆ ಫೋನು ಮಾಡಿ, ಭಾನುವಾರವೆಂದು ಸಬೂಬು ಹೇಳಬೇಡಿ ತಾಯಿ, ಒಂದು ಜೀವದ ಪ್ರಶ್ನೆ ಎಂದು ಬೇಡಿಕೊಂಡರು. ಆಕೆ ಇನ್ನೊಂದು ಪ್ರತಿ ಹುಡುಕಿ ಬಸ್ಸಿನಲ್ಲಿ ಕೊಟ್ಟು ಕಳಿಸಿದಳು. ಆ ಬಸ್ಸಿನ ಡ್ರೈವರು ನಮ್ಮವರ ಜೊತೆಗಾರ, ಬೀರುವಿನವನು. ಎರಡೂವರೆಗೆ ಡಿಸ್ಕು ನನ್ನ ಕೈಯಲ್ಲಿತ್ತು. ಅಂಗಡಿಯ ಶಟರ್ ಅರ್ಧ ಎಳೆದು ಲ್ಯಾಪ್‌ಟಾಪನ್ನು ಇಸ್ತ್ರಿ ಮೇಜಿನ ಮೇಲಿಟ್ಟೆ. ಇವರು ಸ್ಟೂಲಿನ ಮೇಲೆ, ಪಾಸ್ಟರು ಒಗೆಯುವ ಬಟ್ಟೆಯ ಗಂಟಿನ ಮೇಲೆ ಕೂತರು. ಅವರಿಗೂ ಮುದುಕ ಏನಾದನೆಂದು ತಿಳಿಯಬೇಕಿತ್ತು.

ನನ್ನ ಜೀವ ಅಂಗೈಯಲ್ಲಿತ್ತು. ಮುದುಕ ಸತ್ತರೆ ಏನು ಗತಿ? ಹಾಗೇನಾದರೂ ಆದರೆ ಲ್ಯಾಪ್‌ಟಾಪಿನ ಮುಂದೆ ನಿಲ್ಲಲು ಜಾಗ ಸಾಲದು, ನಿಂತರೂ ಇವರು ಬಿಡುವವರಲ್ಲ.

ಚಿತ್ರ ಮುಂದೆ ಹೋಯಿತು. ಗುಹೆಯ ಬಾಯಿಯಲ್ಲಿ ಊರಿನವರೆಲ್ಲ ಸೇರಿ ಕೆಳಕ್ಕೆ ಕೂಗುತ್ತಿದ್ದರು. ಧೈರ್ಯವಾಗಿರು, ನೆನಪಿಟ್ಟುಕೋ, ಎಡಕ್ಕೆ ಹೋಗು, ಬಲಕ್ಕೆ ಹೋಗು. ಮುದುಕನಿಗೆ ಕೇಳಿಸುತ್ತಿದ್ದದ್ದು ಗದ್ದಲ ಮಾತ್ರ. ಆಗ ಆ ಮಕ್ಕಳ ತಂದೆ, ಕೈಗಡಿಯಾರ ರಿಪೇರಿ ಮಾಡುವ ಸಣಕಲು ಮನುಷ್ಯ, ಗುಹೆಯ ಗಂಧಗಾಳಿ ಇಲ್ಲದವನು, ಮಾತಿಲ್ಲದೆ ಇನ್ನೊಂದು ಹಗ್ಗ ಹಿಡಿದು ಇಳಿದುಬಿಟ್ಟ. ಇಳಿದ ಮೇಲೆ ಕಲ್ಲು ಜಾರಿ ಆ ದಾರಿಯೂ ಮುಚ್ಚಿತು. ಇಬ್ಬರೂ ಒಂದು ಬಂಡೆಯ ಮೇಲೆ ಹೆಗಲಿಗೆ ಹೆಗಲು ತಾಗಿಸಿ ಕತ್ತಲೆಯಲ್ಲಿ ಕೂತರು. ಮುದುಕ ನಿದ್ದೆಗೆ ಜಾರಿದಾಗಲೆಲ್ಲ ಇವನು ತಟ್ಟಿ ಎಬ್ಬಿಸಿ, ನಿಮ್ಮ ಹಳೆಯ ಕಥೆ ಹೇಳಿ ಎನ್ನುತ್ತಿದ್ದ. ಕೊನೆಗೆ ನೀರು ಇಳಿಯಿತು. ಕೆಳಗಿನ ಬಾಯಿಯಿಂದ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಬೆಳಕಿಗೆ ನಡೆದು ಬಂದರು.

ಪಾಸ್ಟರು ಮೂಗು ಒರೆಸಿಕೊಂಡರು. ಇವರು ಲ್ಯಾಪ್‌ಟಾಪಿನ ಮುಚ್ಚಳ ತಾವೇ ಮುಚ್ಚಿದರು.

“ಮೇಲಿಂದ ಕೂಗಿದವರು ಎಷ್ಟೊಂದು ಜನ,” ಎಂದರು. “ಇಳಿದು ಬಂದವನು ಒಬ್ಬ.” ಆಮೇಲೆ ಪಾಸ್ಟರ ಕಡೆ ತಿರುಗಿ, “ನೀವು ಹೇಳೋ ಯೇಸುಸ್ವಾಮಿ ಈ ಥರದವರೇನಪ್ಪಾ?” ಎಂದು ಕೇಳಿದರು.

ಹತ್ತು ನಿಮಿಷಕ್ಕೆ ಸಾಲದೆ ಹನ್ನೆರಡು ನಿಮಿಷ ಎಳೆಯುವ ಹುಡುಗ. ಶುರು ಮಾಡಿದನಲ್ಲಪ್ಪ ಎಂದು ನಾನು ಮೇಜು ಗಟ್ಟಿಯಾಗಿ ಹಿಡಿದುಕೊಂಡೆ. ಪಾಸ್ಟರು, “ಹೌದು ಸಾರ್,” ಎಂದರು. ಅಷ್ಟೇ ಅಂದರು. ಆ ಹುಡುಗನಿಗೆ ನೂರು ವರ್ಷ ಆಯಸ್ಸಿರಲಿ.

“ಹಾಗಿದ್ರೆ ಮಕ್ಕಳನ್ನ ಆ ನೀರಲ್ಲಿ ಬಿಟ್ಟು ಮಧ್ಯೆ ಯಾಕೆ ನಿಲ್ಲಿಸ್ತೀರಿ? ಈ ಭಾಗವೇ ಅಲ್ವಾ ಹೇಳಬೇಕಾದ್ದು,” ಎಂದರು ಇವರು. ಉತ್ತರಕ್ಕೆ ಕಾಯಲೂ ಇಲ್ಲ, ನನ್ನ ಕಡೆ ಕೈ ಚಾಚಿದರು. “ಆ ಫಾರಂ ಕೊಡು ಇಲ್ಲಿ. ಪೆನ್ನೂ ಕೊಡು.”

ಗುಂಡಿಗಳ ಡಬ್ಬ ಎತ್ತುವ ಆತುರದಲ್ಲಿ ಅದನ್ನು ಕೆಡವಿದೆ, ಗುಂಡಿಗಳೆಲ್ಲ ನೆಲದ ತುಂಬ ಉರುಳಿದವು. ಯಾರೂ ಬಗ್ಗಿ ಆರಿಸಲಿಲ್ಲ. ಇವರು ಫಾರಮ್ಮನ್ನು ಮೊದಲಿಂದ ಕೊನೆಯವರೆಗೆ, ಸಣ್ಣ ಅಕ್ಷರವನ್ನೂ ಬಿಡದೆ ಓದಿ, ಓದಿದ ಮೇಲೆ ರುಜು ಹಾಕಿದರು. ನನ್ನ ಹಾಗಲ್ಲ.

ಮಂಗಳವಾರ ಬೆಳಿಗ್ಗೆ ಏಳೂವರೆಗೆ ಅವರನ್ನು ತಳ್ಳುವ ಮಂಚದ ಮೇಲೆ ಒಳಗೆ ಕರೆದುಕೊಂಡು ಹೋದರು. ಹೊರಗೆ ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲಿ ನಾನು, ಮಗಳು, ಆಮೇಲೆ ಬಂದು ಸೇರಿದ ಪಾಸ್ಟರು. ಅವರು ಪ್ರಸಂಗ ಮಾಡಲಿಲ್ಲ, ಸುಮ್ಮನೆ ಪಕ್ಕದಲ್ಲಿ ಕೂತರು. ಮಧ್ಯೆ ಒಮ್ಮೆ ಮಾತ್ರ, ಇನ್ನು ಮೇಲೆ ಸಿನಿಮಾ ಪೂರ್ತಿ ತೋರಿಸಿಬಿಡೋಣಮ್ಮ, ಮುಗಿದ ಮೇಲೆ ಕೂತು ಕೇಳುವವರು ಕೇಳಲಿ, ಓಡುವವರು ಓಡಲಿ ಎಂದರು. ನಾನು ತಲೆಯಾಡಿಸಿದೆ. ಪ್ರಾರ್ಥನೆ ಮಾಡೋಣವೆಂದರೆ ನನ್ನ ಬಾಯಿಗೆ ಒಂದು ನೆಟ್ಟಗಿನ ಮಾತು ಬರುತ್ತಿರಲಿಲ್ಲ. ಒಳಗಿನ ಆ ಕತ್ತಲೆಯ ಹತ್ತಿರಕ್ಕೆ ನನ್ನನ್ನು ಯಾರೂ ಬಿಡುವುದಿಲ್ಲ, ನೀನಾದರೂ ಅವರ ಪಕ್ಕದಲ್ಲಿ ಕೂತಿರು ಎಂಬ ಒಂದೇ ಯೋಚನೆ ಐದೂವರೆ ಗಂಟೆ ಕಾಲ ಸುತ್ತುತ್ತಿತ್ತು.

ಒಂದು ಗಂಟೆಗೆ ಬಾಗಿಲು ತೆರೆಯಿತು. ಡಾಕ್ಟರಮ್ಮ ಟೊಪ್ಪಿ ತೆಗೆಯುತ್ತಾ ಬಂದು, ಎಲ್ಲ ಚೆನ್ನಾಗಾಗಿದೆ, ಹೃದಯ ತಾನಾಗೇ ಹೊಡೆದುಕೊಳ್ಳುತ್ತಿದೆ ಎಂದರು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಹೋದ ಜೀವ ಬಂತು ಎಂದು ಜನ ಸುಮ್ಮನೆ ಆಡುವ ಮಾತಲ್ಲ, ಬರುವುದು ಮೈಗೆ ಗೊತ್ತಾಗುತ್ತದೆ. ಮಗಳು ನನ್ನನ್ನು ಎಬ್ಬಿಸಲು ಬಂದವಳು ತಾನೂ ಪಕ್ಕದಲ್ಲೇ ಕೂತಳು. ಇಬ್ಬರೂ ಅತ್ತೆವು, ನಕ್ಕೆವು, ಮತ್ತೆ ಅತ್ತೆವು. ಆ ವರಾಂಡದಲ್ಲಿ ನಡೆದುಹೋಗುವವರೆಲ್ಲ ನಮ್ಮನ್ನು ಸುತ್ತಿ ದಾಟಿಕೊಂಡು ಹೋದರು.

ಮಾರನೆಯ ದಿನ ಮಧ್ಯಾಹ್ನ ಐದು ನಿಮಿಷ ನೋಡಲು ಬಿಟ್ಟರು, ಒಬ್ಬರನ್ನೇ. ಮೂಗಿನಲ್ಲಿ ನಳಿಕೆ, ಕೈತುಂಬ ಪಟ್ಟಿ, ಬಿಳಿಚಿದ ಮುಖ. ಆದರೆ ಕಣ್ಣು ತೆರೆದಿತ್ತು. ನನ್ನನ್ನು ಗುರುತಿಸಿ ಬೆರಳು ಅಲ್ಲಾಡಿಸಿದರು. ಹತ್ತಿರ ಹೋಗಿ ಆ ಬೆರಳು ಹಿಡಿದುಕೊಂಡೆ. ಬೆಚ್ಚಗಿತ್ತು. ನೋವಿದೆಯಾ ಎಂದೆ. ಇದೆ ಎಂದು ಕಣ್ಣಲ್ಲೇ ಹೇಳಿದರು. ಒಡೆದುಹೋದ ದನಿಯಲ್ಲಿ ಏನೋ ಅಂದರು, ಬಗ್ಗಿ ಕಿವಿಯಿಟ್ಟೆ.

“ಪ್ರಾರ್ಥನೆ ಮಾಡು. ಗಟ್ಟಿಯಾಗಿ. ನನಗೂ ಕೇಳಬೇಕು.”

ಅಂದು ಕಣ್ಣು ಮುಚ್ಚಿಕೊಂಡರು. ನಾನೂ ಮುಚ್ಚಿಕೊಂಡೆ. ಇಪ್ಪತ್ತಾರು ವರ್ಷ ಈ ಒಂದು ಮಾತಿಗಾಗಿ ಕಾದವಳು, ಸಭೆಯ ಮುಂದೆ ನಿಂತರೆ ಕಾಲು ಗಂಟೆ ನಿಲ್ಲದೆ ಪ್ರಾರ್ಥನೆ ಮಾಡುವವಳು. “ಅಪ್ಪಾ ತಂದೇ,” ಎಂದೆ. ಇನ್ನೊಂದು ಸಲ “ತಂದೇ” ಎಂದೆ. ಮುಂದಕ್ಕೆ ಒಂದಕ್ಷರ ಬರಲಿಲ್ಲ, ಬರೀ ಕಣ್ಣೀರು ಅವರ ಕೈಮೇಲೆ ಬೀಳುತ್ತಿತ್ತು. ನರ್ಸು ಬಂದು ಟೈಮಾಯಿತಮ್ಮ ಎಂದು ಮೆಲ್ಲಗೆ ಭುಜ ಮುಟ್ಟಿದಳು.

ಇವರು ಸ್ವಲ್ಪ ಹೊತ್ತು ಕಾದರು. ಇನ್ನು ನನ್ನಿಂದಾಗುವುದಿಲ್ಲವೆಂದು ತಿಳಿದು, ಕಣ್ಣು ತೆರೆಯದೆ, ತಾವೇ “ಆಮೆನ್” ಎಂದರು.